ಸೋಂಕಿನ ಕಾಲದ ವಿಹಾರಯಾತ್ರೆ

ಹುಟ್ಟಿದ ದಿನವೆಂದರೆ ಬೆಳಗಿನ ಜಾವದ ಎಣ್ಣೆನೀರು, ದೇವರ ಮುಂದೆ ತುಪ್ಪದ ದೀಪ, ಹಿರಿಯರ ಪಾದಕ್ಕೆ ನಮಸ್ಕಾರ, ಮಧ್ಯಾಹ್ನದ ಎಲೆಯ ತುದಿಯಲ್ಲಿ ಒಂದಿಷ್ಟು ಪಾಯಸ. ಇಷ್ಟಾದರೆ ಒಂದು ಕಾಲಕ್ಕೆ ಸಂಭ್ರಮವೆಲ್ಲ ಮುಗಿಯುತ್ತಿತ್ತು. ಕುಣಿಗಲ್ ಸೀಮೆಯವರಾದರೆ ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ಗದ್ದುಗೆಗೆ ಕೈಮುಗಿದು ಬರುತ್ತಿದ್ದರು. ಅದೇ ಹುಟ್ಟುಹಬ್ಬದ ಯಾತ್ರೆ.

ಕಾಲ ಬದಲಾಯಿತು. ಹುಟ್ಟುಹಬ್ಬಕ್ಕೆ ವಿಮಾನವೇರಿ ಹೋಗುವ ವಾಡಿಕೆ ಬಂದಿತು. ಹಣವುಳ್ಳ ದೇಶಗಳ ಜನ ಹೀಗೆ ಹೋಗಲು ಆರಿಸಿಕೊಳ್ಳುವ ತಾಣಗಳಲ್ಲಿ ಕೆರಿಬಿಯನ್ ಸಮುದ್ರದ ದ್ವೀಪಗಳು ಮೊದಲ ಸಾಲಿನವು. ಬಿಳಿಯ ಮರಳು, ತಿಳಿನೀಲಿಯ ನೀರು, ಸಾಲು ತೆಂಗು! ಕನ್ನಡಿಗರಿಗೆ ಈ ದ್ವೀಪಗಳ ಹೆಸರು ಪರಿಚಯವಾದದ್ದು ಕ್ರಿಕೆಟ್ಟಿನಿಂದ. 1974ರ ನವೆಂಬರಿನಲ್ಲಿ ಬೆಂಗಳೂರು ತನ್ನ ಮೊತ್ತಮೊದಲ ಟೆಸ್ಟ್ ಪಂದ್ಯ ಕಂಡಾಗ ಎದುರು ನಿಂತದ್ದು ವೆಸ್ಟ್ ಇಂಡೀಸ್ ತಂಡವೇ. ಗ್ರೀನಿಜ್, ರಿಚರ್ಡ್ಸ್ ಇಬ್ಬರೂ ಮೊದಲ ಟೆಸ್ಟ್ ಆಡಿದ್ದು ಆ ಪಂದ್ಯದಲ್ಲಿಯೇ.

ಆದರೆ 2020ರಲ್ಲಿ ಜಗತ್ತಿಗೆಲ್ಲ ಒಂದೇ ರೋಗ ಮುತ್ತಿಕೊಂಡಿತು. ಆಗ ಈ ವಾಡಿಕೆ ಒಂದು ಪ್ರಶ್ನೆಯಾಗಿ ನಿಂತಿತು. ಊರೆಲ್ಲ ಬಾಗಿಲು ಹಾಕಿಕೊಂಡಿರುವಾಗ ಒಬ್ಬನ ಸಂತೋಷಕ್ಕಾಗಿ ಒಂದು ಪ್ರಯಾಣ ಸರಿಯೇ? ಹೋಗಬಲ್ಲವನು ಹೋದರೆ ಯಾರಿಗೇನು ನಷ್ಟ?

ಒಂದೇ ಜಿಲ್ಲೆ, ಎರಡು ಹುಟ್ಟುಹಬ್ಬ

ಉತ್ತರ ಹುಡುಕಲು ಕಡಲು ದಾಟಬೇಕಾಗಿಲ್ಲ. ತುಮಕೂರು ಜಿಲ್ಲೆಯೇ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಹತ್ತು ದಿನಗಳ ಅಂತರದಲ್ಲಿ ಎರಡು ಹುಟ್ಟುಹಬ್ಬಗಳನ್ನು ಕಂಡಿತು.

ದೇಶವೆಲ್ಲ ಮಾರ್ಚ್ 25ರಿಂದ ಸ್ತಬ್ಧವಾಗಿತ್ತು. ಅದು ಯುಗಾದಿಯ ದಿನ. ಮಾರ್ಚ್ 27ರಂದು, ರೈಲಿನಲ್ಲಿ ದೆಹಲಿಗೆ ಹೋಗಿ ಬಂದಿದ್ದ ಹಿರಿಯರೊಬ್ಬರು ತೀರಿಕೊಂಡು, ಜಿಲ್ಲೆಯಲ್ಲಿ ಕೊರೋನಾದ ಮೊದಲ ಸಾವು ಸಂಭವಿಸಿತು. ಪ್ರಯಾಣಕ್ಕೂ ಮರಣಕ್ಕೂ ಇರುವ ನಂಟು ಜಿಲ್ಲೆಯ ಜನಕ್ಕೆ ಮನವರಿಕೆಯಾದದ್ದು ಅಂದು. ಚೈತ್ರಮಾಸ ಎಡೆಯೂರಿನ ಜಾತ್ರೆಯ ಕಾಲ. ಆ ಚೈತ್ರದಲ್ಲಿ ಜನ ಕೂಡುವ ತೇರಿಗೆ ಅವಕಾಶವೇ ಇರಲಿಲ್ಲ.

ಏಪ್ರಿಲ್ 1 ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಜನ್ಮದಿನ. ಅವರು ಹುಟ್ಟಿದ್ದು 1907ರಲ್ಲಿ, ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಲಿಂಗೈಕ್ಯರಾದದ್ದು 2019ರ ಜನವರಿ 21ರಂದು. ಅವರು ಬದುಕಿದ್ದಾಗ ಆ ದಿನ ಮಠದತ್ತ ಜನಪ್ರವಾಹವೇ ಹರಿಯುತ್ತಿತ್ತು. ಬಂದವರಿಗೆಲ್ಲ ದಾಸೋಹ, ಸಾಲುಸಾಲು ಪಂಕ್ತಿ. 2020ರಲ್ಲಿ ಬಂದದ್ದು 113ನೆಯ ಜಯಂತಿ. ಅಂದು ಮಠದಲ್ಲಿ ಜನಸಾಗರವಿಲ್ಲ, ಮೆರವಣಿಗೆಯಿಲ್ಲ. ಸರಳವಾಗಿ ಪೂಜೆ ನಡೆಯಿತು. ಭಕ್ತರು ತಮ್ಮ ತಮ್ಮ ಮನೆಯಲ್ಲಿಯೇ ಕೈಮುಗಿದರು. ಗೌರವಕ್ಕೇನೂ ಕುಂದು ಬರಲಿಲ್ಲ.

ಏಪ್ರಿಲ್ 10ರಂದು ಅದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಗ್ರಾಮವೊಂದರಲ್ಲಿ ಶಾಸಕರೊಬ್ಬರ ಹುಟ್ಟುಹಬ್ಬ ಜನರ ಗುಂಪಿನ ನಡುವೆ ನಡೆಯಿತು. ಕೇಕು ಕತ್ತರಿಸಿದ್ದು, ಊಟ ಬಡಿಸಿದ್ದು ಚಿತ್ರಸಹಿತವಾಗಿ ಹೊರಬಿದ್ದಿತು. ಸುದ್ದಿ ದೇಶವೆಲ್ಲ ಹರಡಿ ಟೀಕೆಗೆ ಗುರಿಯಾಯಿತು. ಮದುವೆ ಮುಂದೂಡಿದವರು, ತಿಥಿಗೆ ಅಣ್ಣತಮ್ಮಂದಿರನ್ನು ಕರೆಯಲಾಗದವರು, ತವರಿಗೆ ಹೋಗಲಾಗದ ಬಸುರಿಯರು ಮನೆಮನೆಯಲ್ಲಿದ್ದ ಕಾಲವದು. ಅಂಥವರ ಕಣ್ಣಿಗೆ ಆ ಕೇಕು ಹೇಗೆ ಕಂಡಿರಬೇಕು?

ಇಲ್ಲಿ ಕೇಕಿನ ಮಾತು ಮುಖ್ಯವಲ್ಲ. ಎಲ್ಲರಿಗೂ ಒಂದೇ ಎಂದು ವಿಧಿಸಿದ ಕಟ್ಟಳೆ ಕೆಲವರಿಗೆ ಸಡಿಲವಾಗುತ್ತದೆ ಎಂದು ಕಂಡೊಡನೆ ಉಳಿದವರಿಗೂ ಅದರ ಮೇಲಿನ ನಂಬಿಕೆ ಹೋಗುತ್ತದೆ. ಸೋಂಕು ಹರಡಲು ಅಂಥ ಅಪನಂಬಿಕೆಗಿಂತ ಒಳ್ಳೆಯ ದಾರಿ ಬೇರೊಂದಿಲ್ಲ.

ದ್ವೀಪದವರ ಸಂಕಟ

ಈಗ ಕೆರಿಬಿಯನ್ ಕಡೆಗೆ ಹೊರಳೋಣ. ಅಲ್ಲಿನ ಬಾರ್ಬಡೋಸ್ ಎಂಬ ದೇಶದ ಒಟ್ಟು ಜನಸಂಖ್ಯೆ 3 ಲಕ್ಷಕ್ಕಿಂತ ಕಡಿಮೆ. ಇಲ್ಲಿನ ಒಂದು ದೊಡ್ಡ ತಾಲ್ಲೂಕಿನಷ್ಟು ಜನ. ತುಮಕೂರು ಜಿಲ್ಲೆಯ ಜನಸಂಖ್ಯೆಯೇ 2011ರ ಗಣತಿಯಂತೆ 26 ಲಕ್ಷವನ್ನು ದಾಟಿತ್ತು. ಅಂಥ ಪುಟ್ಟ ದೇಶದಲ್ಲಿ ಆಸ್ಪತ್ರೆಯ ಹಾಸಿಗೆಗಳೆಷ್ಟು, ತಜ್ಞ ವೈದ್ಯರೆಷ್ಟು ಇದ್ದಾರು? ಕುಣಿಗಲ್ಲಿನ ರೋಗಿಗೆ ಹಾಸಿಗೆ ಸಿಗದಿದ್ದರೆ ತುಮಕೂರಿದೆ, ಬೆಂಗಳೂರಿದೆ. ದ್ವೀಪದ ರೋಗಿಗೆ ಸುತ್ತಲೂ ಸಮುದ್ರ.

ಹಾಗೆಂದು ಬಾಗಿಲು ಹಾಕಿಕೊಂಡು ಕೂಡುವುದೂ ಸುಲಭವಲ್ಲ. ಹೋಟೆಲಿನ ಅಡಿಗೆಯವರು, ದೋಣಿಯವರು, ಬಾಡಿಗೆ ಕಾರಿನವರು, ಕೋಣೆ ಗುಡಿಸುವ ಹೆಂಗಸರು, ಎಲ್ಲರ ಮನೆಯ ಒಲೆ ಉರಿಯುವುದು ಪ್ರವಾಸಿಯಿಂದ. ಪ್ರವಾಸಿ ಬಂದರೆ ರೋಗದ ಭಯ, ಬಾರದಿದ್ದರೆ ಹಸಿವಿನ ಭಯ. ಅತ್ತ ದರಿ, ಇತ್ತ ಪುಲಿ!

ಈ ಇಕ್ಕಟ್ಟಿನಲ್ಲಿ ಒಂದೊಂದು ದ್ವೀಪ ಒಂದೊಂದು ದಾರಿ ಹಿಡಿಯಿತು. ಟ್ರಿನಿಡಾಡ್ 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದ್ದು ತೆರೆದದ್ದು 2021ರ ಜುಲೈ 17ರಂದು. ಹೊರನಾಡಿನಲ್ಲಿ ಸಿಕ್ಕಿಕೊಂಡ ಸ್ವಂತ ಪ್ರಜೆಗಳೂ ಮನೆಗೆ ಮರಳಲು ಸರಕಾರದ ವಿಶೇಷ ಅನುಮತಿಗಾಗಿ ಕಾಯಬೇಕಾಯಿತು. ಬಾರ್ಬಡೋಸ್ 2020ರ ಜುಲೈ ತಿಂಗಳಲ್ಲಿಯೇ ವಿಮಾನಗಳನ್ನು ಬರಮಾಡಿಕೊಂಡಿತು. ಅಷ್ಟೇ ಅಲ್ಲ, ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರು ಒಂದು ವರ್ಷ ಬಂದು ನೆಲೆಸಬಹುದೆಂದು ಹೊಸ ವೀಸಾ ಹೊರಡಿಸಿತು. ವರ್ಷಕ್ಕೆ 50,000 ಅಮೆರಿಕನ್ ಡಾಲರ್ ವರಮಾನವಿರಬೇಕು. ಒಬ್ಬರಿಗೆ ಶುಲ್ಕ 2,000 ಡಾಲರ್. ವಾರಕ್ಕೆ ಬಂದುಹೋಗುವ ನೂರು ಮಂದಿಗಿಂತ ವರ್ಷವೆಲ್ಲ ಇರುವ ಹತ್ತು ಮಂದಿ ಮೇಲು. ಇದರಲ್ಲಿ ಜಾಣತನವಿತ್ತು.

ಬಂದವರೆಲ್ಲ ಕಟ್ಟಳೆ ಪಾಲಿಸಿದರೆ? ಇಲ್ಲ. 2020ರ ನವೆಂಬರ್ ಕೊನೆಯಲ್ಲಿ ಅಮೆರಿಕದ 18 ವರ್ಷದ ವಿದ್ಯಾರ್ಥಿನಿಯೊಬ್ಬಳು ಕೇಮನ್ ದ್ವೀಪಕ್ಕೆ ಬಂದಳು. 14 ದಿನ ಕೋಣೆಯಲ್ಲಿಯೇ ಇರತಕ್ಕದ್ದೆಂಬ ಆಜ್ಞೆಯಿತ್ತು. ಎರಡೇ ದಿನಕ್ಕೆ ಅವಳು ಹೊರಬಿದ್ದು ಗೆಳೆಯನ ನೀರಾಟದ ಪಂದ್ಯ ನೋಡಲು ಹೋದಳು. ನ್ಯಾಯಾಲಯ ವಿಧಿಸಿದ ಶಿಕ್ಷೆ ನಾಲ್ಕು ತಿಂಗಳ ಸೆರೆವಾಸ. ಮೇಲ್ಮನವಿಯಲ್ಲಿ ಅದು ಎರಡು ತಿಂಗಳಿಗೆ ಇಳಿಯಿತು. ಬಾರ್ಬಡೋಸಿನಲ್ಲಿ 2021ರ ಜನವರಿಯಲ್ಲಿ ಬ್ರಿಟನ್ನಿನ ದೂರದರ್ಶನ ತಾರೆಯೊಬ್ಬಳು ನಿರ್ಬಂಧ ಮೀರಿದ್ದಕ್ಕೆ ಆ ದೇಶದ 12,000 ಡಾಲರ್ ದಂಡ ತೆತ್ತಳು. ಇತ್ತ 2020ರ ಡಿಸೆಂಬರ್ 26ರಂದು ಸ್ಥಳೀಯರೇ ಬಸ್ಸು ಮಾಡಿಕೊಂಡು ಊರೂರು ಸುತ್ತಿ ನಡೆಸಿದ ಮೋಜಿನಿಂದಲೂ ಅಲ್ಲಿ ಸೋಂಕು ಹಬ್ಬಿತು. ತಪ್ಪು ಬರಿಯ ಪರದೇಶದವರದೇ ಎನ್ನುವಂತಿಲ್ಲ.

ಭಾರತದವರಿಗೆ ಕೆರಿಬಿಯನ್ ದೂರ. ಇಲ್ಲಿನವರ ದ್ವೀಪ ಮಾಲ್ದೀವ್. 2020ರ ಜುಲೈ 15ರಂದು ಅದು ಬಾಗಿಲು ತೆರೆದೊಡನೆ ಚಿತ್ರತಾರೆಯರು, ಶ್ರೀಮಂತರು ಸಾಲುಗಟ್ಟಿದರು. 2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಎದ್ದಿತು. ಬೆಂಗಳೂರಿನಲ್ಲಿ ಆಮ್ಲಜನಕಕ್ಕೆ ಪರದಾಟ, ಚಿತಾಗಾರದ ಮುಂದೆ ಆಂಬುಲೆನ್ಸುಗಳ ಸಾಲು. ಅದೇ ವಾರಗಳಲ್ಲಿ ಕೆಲವರು ಕಡಲತೀರದ ಚಿತ್ರಗಳನ್ನು ಜಗತ್ತಿಗೆ ತೋರಿಸುತ್ತಿದ್ದರು. ಮೇ 13ರಿಂದ ಮಾಲ್ದೀವ್ ದಕ್ಷಿಣ ಏಷ್ಯದ ಪ್ರವಾಸಿಗಳಿಗೆ ಬಾಗಿಲು ಮುಚ್ಚಿತು.

ಪರೀಕ್ಷೆ ಮಾಡಿಸಿಕೊಂಡರೆ ಸಾಲದೆ?

ಹೊರಡುವ ಮುನ್ನ ಪರೀಕ್ಷೆಯಾಗಿದೆ, ಸೋಂಕಿಲ್ಲವೆಂದು ಚೀಟಿಯಿದೆ, ಇನ್ನೇನು ಭಯ? ಇದು ಅಂದು ಬಹಳ ಜನ ಆಡಿದ ಮಾತು. ಉತ್ತರ ಸರಳವಾಗಿದೆ. ಈ ರೋಗದ ಬೀಜ ಮೈ ಸೇರಿದ ಮೇಲೆ ಲಕ್ಷಣ ತೋರಲು 2ರಿಂದ 14 ದಿನ ಹಿಡಿಯಬಹುದು. ಮೊದಲ ಒಂದೆರಡು ದಿನ ಪರೀಕ್ಷೆಯಲ್ಲಿಯೂ ಅದು ಸಿಕ್ಕದೆ ಹೋಗಬಹುದು. ಲಕ್ಷಣ ಕಾಣುವ ಮೊದಲೇ ಮತ್ತೊಬ್ಬರಿಗೆ ಅಂಟಬಹುದು. ಸೋಮವಾರ ಸೋಂಕು ತಗುಲಿದವನು ಮಂಗಳವಾರ ಪರೀಕ್ಷೆಯಲ್ಲಿ ಗೆದ್ದು, ಬುಧವಾರ ವಿಮಾನವೇರಿ, ಶುಕ್ರವಾರ ದ್ವೀಪದ ಭೋಜನಶಾಲೆಯಲ್ಲಿ ನಗುನಗುತ್ತ ಕುಳಿತಿರಬಹುದು. ಅವನಿಗೆ ಏನೂ ಆಗದೆಯೂ ಇರಬಹುದು. ಬಡಿಸಿದವಳ ಮನೆಯಲ್ಲಿ ಮುದಿ ತಾಯಿಯಿದ್ದರೆ? ಆ 14 ದಿನದ ಏಕಾಂತ ಅಧಿಕಾರಿಗಳ ಹಟವಲ್ಲ. ಅದು ಆ ಮುದುಕಿಯ ಆಯುಷ್ಯ.

ಹಳೆಯ ಮಾರಿಯ ಪಾಠ

ಸೋಂಕಿಗೂ ಪ್ರಯಾಣಕ್ಕೂ ಇರುವ ಜಗಳ ಹೊಸದಲ್ಲ. 1377ರಲ್ಲಿ ಆಡ್ರಿಯಾಟಿಕ್ ತೀರದ ರಗೂಸಾ ನಗರ, ಎಂದರೆ ಇಂದಿನ ಡುಬ್ರೋವ್ನಿಕ್, ಪ್ಲೇಗಿನ ನಾಡಿನಿಂದ ಬಂದವರು ಊರೊಳಗೆ ಬರುವ ಮುನ್ನ ಮೂವತ್ತು ದಿನ ಹೊರಗೆ ಕಳೆಯಬೇಕೆಂದು ಕಟ್ಟಳೆ ಮಾಡಿತು. ಅದಕ್ಕೆ ಗೊತ್ತುಮಾಡಿದ ತಾಣಗಳಲ್ಲಿ ಒಂದು ದ್ವೀಪವೂ ಇತ್ತು. ಮುಂದೆ ಮೂವತ್ತು ನಲವತ್ತಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕಿರುವ ಮಾತಿನಿಂದಲೇ ಕ್ವಾರಂಟೈನ್ ಎಂಬ ಶಬ್ದ ಹುಟ್ಟಿತು. ಅಂದು ದ್ವೀಪವೆಂದರೆ ವಿಹಾರವಲ್ಲ, ಕಾಯುವಿಕೆ.

ಕೆರಿಬಿಯನ್ನಿಗೆ ಕೂಲಿಗಳಾಗಿ ಹೋದ ಭಾರತೀಯರ ಅನುಭವವೂ ಇದೇ. ಕಬ್ಬಿನ ತೋಟಗಳ ಕೂಲಿಗಳನ್ನು ಹೊತ್ತ ಮೊದಲ ಹಡಗು 1845ರ ಮೇ 30ರಂದು ಟ್ರಿನಿಡಾಡಿನ ತೀರ ಮುಟ್ಟಿತು. 1866ರಿಂದ ಆಚೆಗೆ ಬಂದವರನ್ನು ಮೊದಲು ನೆಲ್ಸನ್ ಎಂಬ ಸಣ್ಣ ದ್ವೀಪದಲ್ಲಿ ಇಳಿಸಿ, ಆರೋಗ್ಯ ಪರೀಕ್ಷಿಸಿ, ಆಮೇಲೆ ತೋಟಗಳಿಗೆ ಹಂಚುತ್ತಿದ್ದರು. ಇಂದು ಟ್ರಿನಿಡಾಡಿನ ಜನರಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲಾದವರು ಭಾರತೀಯ ಮೂಲದವರು. ಅವರ ಹಿರಿಯರಿಗೆ ದ್ವೀಪದ ಮೊದಲ ದರ್ಶನವಾದದ್ದು ರೋಗದ ಶಂಕೆಯ ನೆರಳಿನಲ್ಲಿ.

ಮೈಸೂರು ಸೀಮೆಗೆ ಪ್ಲೇಗು ಬಂದದ್ದೂ ಪ್ರಯಾಣಿಕನ ಜೊತೆಯಲ್ಲಿಯೇ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಾರಿ, ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಆ ಹಳಿ ಹಾದುಹೋಗುವುದು ಗುಬ್ಬಿ, ತುಮಕೂರುಗಳ ಮೇಲೆಯೇ. ಕುಣಿಗಲ್ಲು ರೈಲು ಕಂಡದ್ದು ಬಹಳ ತಡವಾಗಿ, ಬೆಂಗಳೂರು-ಹಾಸನ ಮಾರ್ಗ ಪೂರ್ತಿಯಾದ 2017ರಲ್ಲಿ. ಆ ದಿನಗಳಲ್ಲಿ ಸೋಂಕಿನ ಊರಿನಿಂದ ಬಂದ ಪ್ರಯಾಣಿಕನಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿ ಕೊಡುತ್ತಿದ್ದರು. ಹತ್ತು ದಿನ ಪ್ರತಿನಿತ್ಯ ಅಧಿಕಾರಿಯ ಮುಂದೆ ಹಾಜರಾಗಿ ಮೈ ತೋರಿಸಬೇಕು. 2020ರ ಮಾರ್ಚಿನಲ್ಲಿ ಪರದೇಶದಿಂದ ಬಂದವರ ಕೈಗೆ ಕರ್ನಾಟಕ ಸರಕಾರ ಒತ್ತಿದ ಶಾಯಿಯ ಮುದ್ರೆ ಅದರ ಮೊಮ್ಮಗ.

ಇಲಿ ಸತ್ತು ಬಿದ್ದಿತೆಂದರೆ ಹಳ್ಳಿಗರು ಊರು ಬಿಟ್ಟು ಹೊಲದ ಬಯಲಿನಲ್ಲಿ ಗುಡಿಸಲು ಹಾಕುತ್ತಿದ್ದರು. ಬಿಟ್ಟುಹೋಗುವುದರಲ್ಲಿ ವಿವೇಕವಿತ್ತು. ಪ್ಲೇಗು ಇಲಿಯ ಚಿಗಟದಿಂದ ಬರುವ ರೋಗ. ಇಲಿಯಿರುವ ಮನೆಯಿಂದ ದೂರ ಹೋದರೆ ಉಳಿಗಾಲ. ಆದರೆ ಅವರು ಹೋದದ್ದು ಬಯಲಿಗೆ, ಬೀಗರ ಊರಿಗಲ್ಲ. ರೋಗವನ್ನು ತಪ್ಪಿಸಿಕೊಳ್ಳಲು ಊರು ಬಿಡುವುದು ಬೇರೆ, ರೋಗವನ್ನು ಹೊತ್ತು ಮತ್ತೊಂದು ಊರಿಗೆ ಹೋಗುವುದು ಬೇರೆ. 2020ರ ಜುಲೈ 14ರಿಂದ ಬೆಂಗಳೂರಿಗೆ ಮತ್ತೆ ಬೀಗವೆಂದು ಗೊತ್ತಾದಾಗ ಸಾವಿರಾರು ಸಂಸಾರಗಳು ಗಂಟುಮೂಟೆಯೊಡನೆ ಊರಕಡೆ ಹೊರಟವು. ಕೂಲಿಯಿಲ್ಲದೆ ಹೊರಟ ಅವರನ್ನು ಯಾರು ದೂರಬಲ್ಲರು? ಹೊಟ್ಟೆಗಾಗಿ ನಡೆದವನಿಗೂ ಹುಟ್ಟುಹಬ್ಬಕ್ಕೆ ಹಾರಿದವನಿಗೂ ಅಂತರವಿದೆ. ರೋಗಾಣುವಿಗೆ ಆ ಅಂತರ ತಿಳಿಯದು, ಮನುಷ್ಯನಿಗೆ ತಿಳಿಯಬೇಕು.

ಕೊಟ್ಟದ್ದು, ಕೊಂಡದ್ದು

ಪ್ಲೇಗಿನ ಲಸಿಕೆಯನ್ನು ಹಾಫ್ಕಿನ್ 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಸುಮಾರು ನೂರಿಪ್ಪತ್ತನಾಲ್ಕು ವರ್ಷಗಳ ತರುವಾಯ, 2021ರ ಫೆಬ್ರವರಿಯಲ್ಲಿ, ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್ ಲಸಿಕೆಯ 1,00,000 ಡೋಸುಗಳನ್ನು ಭಾರತ ಬಾರ್ಬಡೋಸಿಗೆ ಕಾಣಿಕೆಯಾಗಿ ಕಳುಹಿಸಿತು. ಆ ದೇಶದ ಪ್ರಧಾನಿ ಮಿಯಾ ಮೋಟ್ಲಿ ಕೃತಜ್ಞತೆ ತಿಳಿಸಿದರು. ಆ ದಿನಗಳಲ್ಲಿ ದ್ವೀಪಕ್ಕೆ ಹೋದ ಸರಕುಗಳಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಇರಲಾರದು.

ವಿಹಾರವೇ ಪಾಪವೆಂದು ಯಾರೂ ಹೇಳಬೇಕಾಗಿಲ್ಲ. ಅತಿಥಿಯ ಹಣದಿಂದಲೇ ಬಾಳುವ ನಾಡಿಗೆ ಅತಿಥಿ ಬೇಕು. ಚುಚ್ಚುಮದ್ದು ಹಾಕಿಸಿಕೊಂಡು, ಹೇಳಿದಷ್ಟು ದಿನ ಕೋಣೆಯಲ್ಲಿ ಕುಳಿತು, ಆಮೇಲೆ ಕಡಲು ಕಂಡವನು ದ್ವೀಪಕ್ಕೆ ಉಪಕಾರವನ್ನೇ ಮಾಡಿದ. ಹೊರಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. “ನನಗೆ ರೋಗ ಬಂದೀತೇ?” ಎಂದಲ್ಲ, “ನಾನು ಹೋಗುವ ಮನೆಯಲ್ಲಿ ಹಿರಿಯರಿದ್ದಾರೆಯೇ?” ಎಂದು. ಎಡೆಯೂರಿನ ತೇರಿಗಾಗಲಿ ಬಾರ್ಬಡೋಸಿನ ಬಿಳಿಮರಳಿಗಾಗಲಿ, ಮಾರಿ ಮತ್ತೆ ಬಂದ ಕಾಲಕ್ಕೆ ಈ ಪ್ರಶ್ನೆಯೊಂದು ನೆನಪಿನಲ್ಲಿದ್ದರೆ ಸಾಕು. ಸಿದ್ಧಗಂಗೆಯ ಆ ವರ್ಷದ ಜಯಂತಿ ತೋರಿಸಿಕೊಟ್ಟಂತೆ, ಜನ ಸೇರದೆಯೂ ಹುಟ್ಟಿದ ದಿನ ಹುಟ್ಟಿದ ದಿನವೇ.