ಇಳಿಜಾರಿನ ದಾರಿಗೆ ಮತ್ತೆ

ಕೂನೂರಿನಿಂದ ಕೋತಗಿರಿಗೆ ಹೋಗುವ ರಸ್ತೆಯಲ್ಲಿರುವ ನಮ್ಮ ಕಟ್ಟಬೆಟ್ಟಿನಲ್ಲಿ ಸಮತಟ್ಟಾದ ನೆಲವನ್ನು ಹುಡುಕಬೇಕು. ಬಸ್ಸಿಗೆ ಹೋಗಬೇಕಾದರೆ ಏರಬೇಕು, ಟೀ ತೋಟಕ್ಕಾದರೆ ಇಳಿಯಬೇಕು. ಇಂಥ ಊರಿನಲ್ಲಿ ಕಾಲು ಕೈಕೊಟ್ಟರೆ ಬದುಕೇ ನಿಂತ ಹಾಗೆ. ಎರಡು ವರ್ಷದ ಹಿಂದೆ ಹಿಂಗಾರು ಮಳೆ ಬಿಡದೆ ಸುರಿಯುತ್ತಿದ್ದ ಅಕ್ಟೋಬರ್ ಕೊನೆಯಲ್ಲಿ ನಮ್ಮ ಅವ್ವ ತೋಟದ ದಾರಿಯಲ್ಲಿ ಜಾರಿ ಬಿದ್ದರು. ಪಾದವು ಕಾಲಿಗೆ ಸೇರುವ ಗಂಟು, ಅಂದರೆ ಹರಡು, ಎರಡೂ ಬದಿಯಲ್ಲಿ ಮುರಿದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಲೋಹದ ಪಟ್ಟಿಯನ್ನೂ ತಿರುಪುಗಳನ್ನೂ ಹಾಕಿದರು.

ಶಸ್ತ್ರಚಿಕಿತ್ಸೆ ಒಂದೇ ದಿನದಲ್ಲಿ ಮುಗಿಯಿತು. ಅದರ ನಂತರದ ತಿಂಗಳುಗಳಲ್ಲಿ ಮನೆಮಂದಿಯಾದ ನಾವು ಎರಡು ತಪ್ಪು ಮಾಡಿದೆವು. ಬೇರೆ ಕುಟುಂಬಗಳಿಗೆ ಉಪಯೋಗವಾದೀತೆಂದು ಅವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲ ತಪ್ಪು: ಎಲ್ಲವನ್ನೂ ಕಿತ್ತುಕೊಂಡೆವು

ಆರು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದೆಂದು ವೈದ್ಯರು ಹೇಳಿದ್ದರು. ನಾವು ಅದನ್ನು ‘ಏನೂ ಮಾಡಬಾರದು’ ಎಂದು ಅರ್ಥ ಮಾಡಿಕೊಂಡೆವು. ಅವ್ವ ನೀರು ಕೇಳುವ ಮುಂಚೆಯೇ ಲೋಟ ಕೈಗೆ ಕೊಡುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಮಂಚದಲ್ಲೇ ಇರುತ್ತಿದ್ದ ಅವರು ಮೂರನೆಯ ವಾರಕ್ಕೆ ಮಾತು ಕಡಿಮೆ ಮಾಡಿದರು, ಊಟ ಅರ್ಧಕ್ಕೆ ಬಿಟ್ಟರು. ಒಂದು ರಾತ್ರಿ ಸೊಸೆಯ ಹತ್ತಿರ, “ನಾನಿನ್ನು ಈ ಮನೆಗೆ ಭಾರ ಅಲ್ಲವೇನಮ್ಮ?” ಎಂದು ಕಣ್ಣೀರು ಹಾಕಿದರು. ನಮ್ಮ ಎದೆ ಧಸಕ್ಕೆಂದಿತು.

ವ್ಯಾಯಾಮ ಕಲಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ತಂಗಿಗೆ ಇದನ್ನು ಹೇಳಿದಾಗ ಆಕೆ ನಕ್ಕು, “ಆಪರೇಷನ್ ಆಗಿರುವುದು ಕಾಲಿಗೆ. ಕೈಗೆ ಕೆಲಸ ಕೊಡಿ” ಎಂದಳು. ಮರುದಿನದಿಂದ ಸೊಪ್ಪು ಬಿಡಿಸುವುದು, ಬೀನ್ಸ್ ಹೆಚ್ಚುವುದು, ಬಟ್ಟೆ ಮಡಿಸುವುದು ಅವ್ವನ ಪಾಲಿಗೆ ಬಂತು. ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ದಿಂಬಿಟ್ಟು ಚಾಚಿಕೊಂಡೇ ಇದೆಲ್ಲ ಮಾಡಿದರು. ನಡುನಡುವೆ ಮಲಗಿ, ಪಾದವನ್ನು ಎದೆಗಿಂತ ಎತ್ತರದಲ್ಲಿಟ್ಟು ಬೆರಳುಗಳನ್ನು ಆಡಿಸುವುದು. ಬಾವು ಇಳಿಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಸ್ನಾನಕ್ಕೆ ಬಚ್ಚಲಲ್ಲಿ ಜಾರದ ಕುರ್ಚಿ ಇಟ್ಟೆವು. ಕುಕ್ಕರಗಾಲಿನಲ್ಲಿ ಕೂರಲು ಹರಡು ತುಂಬಾ ಬಾಗಬೇಕಾದ್ದರಿಂದ ಶೌಚಕ್ಕೆ ಕಮೋಡ್ ಕುರ್ಚಿ ತಂದೆವು.

ಎರಡನೆಯ ತಪ್ಪು: ಬೇಗ ವಾಸಿಯಾಯಿತೆಂದುಕೊಂಡೆವು

ಡಿಸೆಂಬರ್ ನಡುವಿನಲ್ಲಿ ಎಕ್ಸ್-ರೇ ನೋಡಿದ ವೈದ್ಯರು ನಡೆಯಲು ಅನುಮತಿ ಕೊಟ್ಟರು. ಕ್ರಿಸ್ಮಸ್ ಹತ್ತಿರ ಬಂದಿತ್ತು. ಅವ್ವ ಒಂದೇ ದಿನ ಮನೆ ಗುಡಿಸಿ, ಕಜ್ಜಾಯಕ್ಕೆ ಹಿಟ್ಟು ಕಲಸಿ, ಅಂಗಡಿಗೂ ಹೋಗಿಬಂದರು. ನಾವೂ ಸಂತೋಷದಿಂದ ಸುಮ್ಮನಿದ್ದೆವು. ಸಂಜೆಗೆ ಪಾದ ಚಪ್ಪಲಿಗೆ ಹಿಡಿಸದಷ್ಟು ಊದಿತು. ಆ ಬಾವು ಪೂರ್ತಿ ಇಳಿಯಲು ತಿಂಗಳುಗಳೇ ಬೇಕು, ವರ್ಷವೂ ಆಗಬಹುದೆಂದು ಆಗ ತಿಳಿಯಿತು. ಹಬ್ಬದ ಬಲಿಪೂಜೆಯಲ್ಲಿ ಮೊಣಕಾಲೂರಲು ಹೊರಟ ಅವ್ವನಿಗೆ ಫಾದರ್, “ಕೂತೇ ಪ್ರಾರ್ಥಿಸಿ ಅಮ್ಮ” ಎಂದರು. ಅಂದು ಅವರು ಕುರ್ಚಿಯಲ್ಲಿ ಕೂತೇ ಪರಮಪ್ರಸಾದ ಸ್ವೀಕರಿಸಿದರು.

ದೊಡ್ಡ ಆಟಗಾರರಿಗೂ ಅವಸರ ನಡೆಯುವುದಿಲ್ಲ. 2023ರ ವಿಶ್ವಕಪ್ಪಿನಲ್ಲಿ 24 ವಿಕೆಟ್ ಪಡೆದ ಮೊಹಮ್ಮದ್ ಶಮಿ ಅವರಿಗೆ 2024ರ ಫೆಬ್ರವರಿಯಲ್ಲಿ ಹಿಮ್ಮಡಿಯ ಸ್ನಾಯುರಜ್ಜಿಗೆ ಶಸ್ತ್ರಚಿಕಿತ್ಸೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಜ್ಞರ ಕಣ್ಗಾವಲಿನಲ್ಲಿ ಅಭ್ಯಾಸ ಮಾಡಿದರೂ ನಡುವೆ ಮೊಣಕಾಲು ಊದಿ ಹಿನ್ನಡೆಯಾಯಿತು. ಅವರು ಮತ್ತೆ ಪಂದ್ಯಕ್ಕೆ ಇಳಿದದ್ದು ನವೆಂಬರಿನಲ್ಲಿ, ಬಂಗಾಳದ ಪರವಾಗಿ ರಣಜಿಯಲ್ಲಿ. ಅಷ್ಟು ಗಟ್ಟಿಮುಟ್ಟಾದ ದೇಹಕ್ಕೇ ಒಂಬತ್ತು ತಿಂಗಳು ಬೇಕಾಯಿತು!

ಹಾಗೆಂದು ಪಕ್ಕದ ಮನೆಯವರ ಕಾಲಿಗೆ ನಮ್ಮ ಕಾಲನ್ನು ಹೋಲಿಸುವುದೂ ಸರಿಯಲ್ಲ. ಹರಡು ಮುರಿದು ಶಸ್ತ್ರಚಿಕಿತ್ಸೆಯಾದವರಲ್ಲಿ ಎರಡು ವಾರಕ್ಕೇ ನಡೆಯತೊಡಗಿದವರು ಆರು ವಾರ ಕಾದವರಿಗಿಂತ ಹಿಂದೆ ಬೀಳಲಿಲ್ಲವೆಂದು ಬ್ರಿಟನ್ನಿನ ಒಂದು ಅಧ್ಯಯನ 2024ರಲ್ಲಿ ತಿಳಿಸಿತು. ಆದರೆ ಎಲ್ಲರ ಮುರಿತವೂ ಒಂದೇ ತರಹ ಇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೂ ಬೀಡಿ ಸಿಗರೇಟು ಸೇದುವವರಿಗೂ ಎಲುಬು ಕೂಡಲು ತಡವಾಗುತ್ತದೆ. ಯಾವಾಗ ಕಾಲೂರಬೇಕೆಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಹೇಳಬೇಕು.

ನಾವು ಕಲಿತ ಕೆಲವು ಮಾತುಗಳು

ಊರುಗೋಲನ್ನು ಒಳ್ಳೆಯ ಕಾಲಿನ ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಮ್ಮ ಮೊಮ್ಮಕ್ಕಳು ಇದನ್ನು ಹಾಡಿನಂತೆ ಹೇಳುತ್ತಾ ಅಜ್ಜಿಯ ಜೊತೆ ಮೆಟ್ಟಿಲಿಳಿಯುತ್ತಿದ್ದರು. ಬಲಗಾಲಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಬ್ರೇಕ್ ಒತ್ತುವ ಶಕ್ತಿ ಮರಳುವವರೆಗೆ ವಾಹನ ಮುಟ್ಟಬಾರದು.

ಮೀನಖಂಡದಲ್ಲಿ ನೋವು, ಬಿಸಿ, ಬಾವು ಕಂಡರೆ ಎಣ್ಣೆ ಹಚ್ಚಿ ತಿಕ್ಕಿಸಬಾರದು. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಕೂಡಲೇ ವೈದ್ಯರ ಹತ್ತಿರ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಯದಿಂದ ಕೀವು ಸೋರಿದರೆ, ಜ್ವರ ಬಂದರೆ ಸಹ ತಡಮಾಡಬಾರದು.

ಎಲ್ಲಕ್ಕಿಂತ ಕಷ್ಟವಾದದ್ದು ಇಳಿಜಾರು. ಇಳಿಯುವಾಗ ಮೈಭಾರವೆಲ್ಲ ಬಾಗಿದ ಹರಡಿನ ಮೇಲೆ ಬೀಳುತ್ತದೆ, ಮನಸ್ಸಿನಲ್ಲಿ ಹಳೆಯ ಹೆದರಿಕೆಯೂ ಇರುತ್ತದೆ. ಜನವರಿಯಲ್ಲಿ ಅಂಗಳ, ಫೆಬ್ರವರಿಯಲ್ಲಿ ಬಸ್ ನಿಲ್ದಾಣ, ಹೀಗೆ ಒಂದೊಂದೇ ಗುರಿ ಇಟ್ಟುಕೊಂಡೆವು. ಪಾಸ್ಕ ಹಬ್ಬ ಮುಗಿದ ವಾರ ಒಂದು ಬೆಳಿಗ್ಗೆ ಅವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ತೋಟದ ದಾರಿಯ ತುದಿಯಲ್ಲಿ ನಿಂತರು. ಮಗ ಕೈ ಚಾಚಿದ. ಬಿದ್ದ ಜಾಗ ದಾಟುವವರೆಗೆ ಹಿಡಿದುಕೊಂಡು, ಆಮೇಲೆ “ಬಿಡಪ್ಪ, ಇನ್ನು ನಾನೇ ಹೋಗ್ತೀನಿ” ಎಂದರು.

ಆ ದಿನ ಅವರು ಕಿತ್ತದ್ದು ಬರೀ ಎರಡು ಹಿಡಿ ಎಲೆ. ರಾತ್ರಿ ಮಾತ್ರ ಹೊಟ್ಟೆ ತುಂಬಾ ಊಟ ಮಾಡಿದರು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಂಚ ಹಿಡಿದಿದ್ದರೆ ಕೈ ಹಿಡಿಯಿರಿ. ಕೈ ಬಿಡಬೇಕಾದ ದಿನ ಬಂದಾಗ ಬಿಡುವುದನ್ನೂ ಕಲಿಯಿರಿ. ಅಲ್ಲಿಯವರೆಗೆ ಅವರ ಮಡಿಲಿಗೆ ಒಂದು ಮೊರ ಸೊಪ್ಪನ್ನಾದರೂ ಕೊಡಿ.