ಯಾತ್ರೆಯ ಗಂಟಿನಲ್ಲಿ ಒಂದು ಒಳ್ಳೆಯ ಸೀರೆ

ಫಾಲ್ಗುಣ ಮಾಸ ಕಾಲಿಟ್ಟಿತೆಂದರೆ ಮಹಾಲಿಂಗಪುರದ ಓಣಿ ಓಣಿಗಳಲ್ಲಿ ಶ್ರೀಶೈಲದ ಮಾತು ಆರಂಭವಾಗುತ್ತದೆ. ಕಂಬಿ ಎಂದು ಹೊರಡುವುದು, ಯಾರ ಮನೆಯಿಂದ ಯಾರು ನಡೆಯುವರು, ಬುತ್ತಿಗೆ ಎಷ್ಟು ರೊಟ್ಟಿ ಬಡಿಯಬೇಕು ಎಂಬ ಲೆಕ್ಕಾಚಾರ ಮನೆಮನೆಯಲ್ಲಿ ನಡೆಯುತ್ತದೆ. ಗಂಡಸರ ಸಿದ್ಧತೆ ಎರಡು ಧೋತರ, ಒಂದು ಚಾದರದಲ್ಲಿ ಮುಗಿಯುವಂಥದು. ಹೆಣ್ಣುಮಕ್ಕಳ ಸಿದ್ಧತೆ ಟ್ರಂಕಿನ ಮುಚ್ಚಳ ತೆರೆದ ಕೂಡಲೇ ಕಠಿಣವಾಗುತ್ತದೆ. “ಮಲ್ಲಯ್ಯನ ಮುಂದ ಹೋಗಿ ನಿಲ್ಲೂದು, ಛಲೋದೊಂದು ಸೀರಿ ಬ್ಯಾಡೇನು?” ಎಂಬುದು ತಾಯಂದಿರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ದೇವರ ಮುಂದೆಯಾಗಲಿ, ಬೀಗರ ಮನೆಯಲ್ಲಾಗಲಿ ಒಪ್ಪವಾಗಿ ನಿಲ್ಲಬೇಕೆಂಬ ಆಸೆಯನ್ನು ನಾವು ಆಡಂಬರವೆಂದು ಹಳಿಯಲಾರೆವು. ಆ ಒಂದು ಸೀರೆಯ ಹಿಂದೆ ನಾಲ್ಕು ಸೀರೆ, ನಾಲ್ಕರ ಹಿಂದೆ ನಾಲ್ಕು ಕುಪ್ಪಸ, ಅವುಗಳಿಗೊಪ್ಪುವ ಬಳೆ ಸರಗಳು ಹೊರಟು ನಿಂತಾಗ ಮಾತ್ರ ಯಾತ್ರೆಯ ಸ್ವರೂಪವೇ ಬದಲಾಗುತ್ತದೆ.

ಮಠದಲ್ಲಿ ಓದಿ ಬೆಳೆದವರಿಗೆ ಸೀರೆ ಕುಪ್ಪಸದ ಚಿಂತೆ ಏಕೆ ಎಂದು ಓದುಗರು ನಗಬಹುದು. ನಗಲಿ. ಜಾತ್ರೆ ಉತ್ಸವಗಳಲ್ಲಿ ದಾಸೋಹದ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಒಬ್ಬ ತಾಯಿಯನ್ನು ನಾವು ಎಷ್ಟೋ ವರ್ಷಗಳಿಂದ ಕಾಣುತ್ತಿದ್ದೇವೆ. ಊರು ಬೇರೆ, ಮುಖ ಬೇರೆ. ಕುಳಿತ ರೀತಿ ಒಂದೇ. ಆಕೆ ಗಂಟು ಕಾಯುವವಳು. ತಂಡದವರೆಲ್ಲ ದರ್ಶನಕ್ಕೆ, ಪ್ರವಚನಕ್ಕೆ, ತೇರಿಗೆ ಹೋಗಿರುತ್ತಾರೆ. ಚೀಲಗಳಲ್ಲಿ ರೇಷ್ಮೆ ಸೀರೆಗಳಿವೆ, ಬಂಗಾರವಿದೆ. ಆದುದರಿಂದ ಒಬ್ಬರು ಕೂರಲೇಬೇಕು. ಆ ಒಬ್ಬರು ಬಹುಮಟ್ಟಿಗೆ ಮನೆಯ ಹಿರಿಯ ಮುದುಕಿ, ಇಲ್ಲವೆ ಕಿರಿಯ ಸೊಸೆ. ಉಳಿದವರು ಬಂದ ಮೇಲೆ ನೀನು ಹೋಗಿ ಬಾ ಎನ್ನುತ್ತಾರೆ. ಅಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತದೆ. ಅಷ್ಟು ದೂರ ಬಂದು ದರ್ಶನ ತಪ್ಪಿಸಿಕೊಂಡ ಈ ತಾಯಿಯ ಸಲುವಾಗಿ ಈ ಲೇಖನ.

ಇನ್ನೊಬ್ಬಳಿದ್ದಾಳೆ, ಆಕೆ ಕಣ್ಣಿಗೆ ಬೀಳುವುದೇ ಇಲ್ಲ. “ಉಡುವಂಥ ಸೀರಿ ಇಲ್ಲ” ಎಂದು ಮನೆಯಲ್ಲಿಯೇ ಉಳಿದವಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣದ ಅಡ್ಡಿ ತಪ್ಪಿದ ಮೇಲೆ ಕೂಡಲಸಂಗಮಕ್ಕೆ, ಬಾದಾಮಿಯ ಬನಶಂಕರಿಗೆ, ಉಳವಿಗೆ ಹೊರಡುವ ತಾಯಂದಿರು ಬಹಳ. ಹಣದ ಅಡ್ಡಿ ತಪ್ಪಿದರೂ ಸೀರೆಯ ಅಡ್ಡಿ ಕೆಲವರಿಗೆ ಉಳಿದಿದೆ. ಇದರಲ್ಲಿ ಉಟ್ಟವರ ತಪ್ಪಿಗಿಂತ ಕರೆದವರ ತಪ್ಪು ಹೆಚ್ಚೆಂದು ನಮ್ಮ ಅಭಿಪ್ರಾಯ. ಸೀರೆ ನೋಡಿ ಜಮಖಾನೆ ಹಾಸುವ ಮನೆಗಳು ನಮ್ಮಲ್ಲಿ ಇಲ್ಲವೆಂದು ಹೇಳಲಾರೆವು.

ಈಗ ಸೀರೆಯ ವಿಚಾರ. ಹೆಚ್ಚು ಹೊರದೆ ಒಪ್ಪವಾಗಿ ಉಡುವುದು ಹೇಗೆಂಬ ಪ್ರಶ್ನೆಗೆ ನಮ್ಮ ಬಾಗಲಕೋಟೆ ಜಿಲ್ಲೆಯ ನೇಕಾರರು ಬಹು ಹಿಂದೆಯೇ ಉತ್ತರವನ್ನು ಮಗ್ಗದ ಮೇಲೆ ನೇಯ್ದಿಟ್ಟಿದ್ದಾರೆ. ಅದೇ ಇಳಕಲ್ ಸೀರೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ನೂಲಿನದು; ಸೆರಗು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಇದು ಆ ಊರಿನ ವಿಶಿಷ್ಟ ಕೌಶಲ. ಹೀಗೆ ಜೋಡಿಸಬೇಕಾದುದರಿಂದ ಒಂದೊಂದು ಸೀರೆಗೂ ಬೇರೆಯೇ ಹಾಸು ಸಿದ್ಧಪಡಿಸಬೇಕು. ಟೋಪು ತೆನೆ ಎಂದು ಹೆಸರಾದ ಆ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ಪಟ್ಟಿಗಳು. ಅವುಗಳಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಯನ್ನು ಹೋಲುವ ಚಿತ್ತಾರ. ದಡಿಗೆ ಗೋಮಿ, ಪರಾಸಪೇಟೆ, ಗಾಡಿ ಎಂಬ ಹೆಸರುಗಳು.

ಈ ರಚನೆಯ ಮರ್ಮವನ್ನು ತುಸು ಆಲೋಚಿಸಬೇಕು. ನಮ್ಮ ಭಾಗದ ತಾಯಂದಿರು ಸೆರಗನ್ನು ತಲೆಯ ಮೇಲೆ ಹೊದ್ದು ಹೆಗಲಿಗೆ ಇಳಿಬಿಡುತ್ತಾರೆ. ಎದುರಿಗೆ ಬಂದವರ ಕಣ್ಣಿಗೆ ಮೊದಲು ಕಾಣುವುದು ಮುಖ, ಮುಖದ ಸುತ್ತ ಸೆರಗು. ರೇಷ್ಮೆ ಅಲ್ಲಿಯೇ ಇದೆ. ಬೆವರುವ, ನಡೆಯುವ, ನೆಲಕ್ಕೆ ಕೂರುವ, ಮೇಲಿಂದ ಮೇಲೆ ಒಗೆಯಬೇಕಾದ ಭಾಗವೆಲ್ಲ ನೂಲು. ಹಬ್ಬದ ಸೀರೆ ಬೇರೆ, ಪ್ರಯಾಣದ ಸೀರೆ ಬೇರೆ ಎಂಬ ಭೇದವನ್ನು ಆ ನೇಕಾರನು ಒಂದೇ ಹಾಸಿನಲ್ಲಿ ಅಳಿಸಿಬಿಟ್ಟಿದ್ದಾನೆ. ಜೇಡರ ದಾಸಿಮಯ್ಯನವರ ಕಾಯಕಕ್ಕೆ ಈ ವಿವೇಕ ತಕ್ಕುದೇ ಆಗಿದೆ. ಆರು ಗಜದ ನೂಲಿನ ಒಡಲಿನ ಸೀರೆ ಅರ್ಧ ಕಿಲೋದ ಆಚೀಚೆ ತೂಗಿದರೆ, ಜರಿ ತುಂಬಿದ ದಪ್ಪ ರೇಷ್ಮೆ ಸೀರೆ ಅದರ ಇಮ್ಮಡಿ ತೂಗುವುದುಂಟು. ಅಜ್ಜಿಯರ ಹದಿನೆಂಟು ಮೊಳದ ಸೀರೆ ಉಡುವವರು ಈಗ ವಿರಳ. ಉಡುವವರಿದ್ದರೆ ಅದರಷ್ಟು ನಡಿಗೆಗೆ ಅನುಕೂಲವಾದುದು ಬೇರೊಂದಿಲ್ಲ. ಕೊಳ್ಳುವಾಗ ಒಂದು ಎಚ್ಚರ ಬೇಕು. ಚಮಕಾ ಎಂದು ಮಾರುವ ಕೃತಕ ರೇಷ್ಮೆಯ ಒಡಲು ನುಣುಪಾಗಿ ಮಿನುಗುತ್ತದೆ, ಬೇಸಿಗೆಯ ದಾರಿಯಲ್ಲಿ ಮೈಗೆ ಅಂಟುತ್ತದೆ. ಯಾತ್ರೆಗೆಂದು ಕೊಳ್ಳುವವರು ನೂಲಿನ ಒಡಲನ್ನೇ ಕೇಳಿ ಪಡೆಯತಕ್ಕದ್ದು.

ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಇದ್ದೇ ಇದೆ. ಹೊಲಿಯದ ಖಣವನ್ನು ತ್ರಿಕೋನವಾಗಿ ಮಡಿಸಿದರೆ ಅಂಗೈಯಲ್ಲಿ ಅಡಗುತ್ತದೆ. ಮೈಯ ತುಂಬ ಸಣ್ಣ ಬುಟ್ಟಾ, ಅಂಚಿಗೆ ಬೇರೆ ಬಣ್ಣ ಇರುವುದರಿಂದ ಒಂದು ಖಣದ ಕುಪ್ಪಸ ಎರಡು ಮೂರು ಸೀರೆಗಳಿಗೆ ಒಪ್ಪುತ್ತದೆ. ಇದರ ತದ್ವಿರುದ್ಧವೂ ನಿಜ. ದೂರದ ಮದುವೆಗೆ ಎರಡು ದಿನದ ಮಟ್ಟಿಗೆ ಹೊರಟ ಗೃಹಿಣಿಯು ಒಂದೇ ಒಳ್ಳೆಯ ಸೀರೆಗೆ ಖಣದ ಕುಪ್ಪಸವೊಂದು, ಸಾದಾ ಕುಪ್ಪಸವೊಂದು ಇಟ್ಟುಕೊಂಡರೆ ಅರಿಷಿಣದ ದಿನಕ್ಕೂ ಅಕ್ಕಿಕಾಳಿನ ಹೊತ್ತಿಗೂ ಬೇರೆ ಬೇರೆಯಾಗಿ ಕಾಣುತ್ತಾಳೆ. ಎರಡು ಕುಪ್ಪಸಗಳ ಭಾರ ಒಂದು ಸೀರೆಯ ಭಾರಕ್ಕೆ ಸಮನಾಗದು. ಚೂಡಿದಾರ ತೊಡುವ ಹರೆಯದ ಹುಡುಗಿಯರಿಗೆ ಖಣದ ಒಂದು ಓಢಣಿ ಸಾಕು. ಅವರ ಬಗೆಗೆ ನಾವು ಹೆಚ್ಚು ಹೇಳಿದರೆ ಅವರೇ ನಮಗೆ ತಿದ್ದಿ ಹೇಳುವರು.

ಮಡಿಸಿ ಇಡುವ ಕ್ರಮ ನಮ್ಮ ಹಿರಿಯ ತಾಯಂದಿರಿಗೆ ತಿಳಿದಿತ್ತು, ನಡುವೆ ಮರೆತುಹೋಗಿದೆ. ರೇಷ್ಮೆ ಸೆರಗು ಒಳಬದಿಗೆ, ನೂಲಿನ ಒಡಲು ಹೊರಬದಿಗೆ ಬರುವಂತೆ ಮಡಿಸಬೇಕು. ಹೊರಗಿನ ನೂಲೇ ಆಗ ರೇಷ್ಮೆಗೆ ಹೊದಿಕೆ. ಬಳಿಕ ಹಳೆಯ ಧೋತರದ ತುಂಡಿನಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಳಗಿನ ತೇವ ಹೊರಗೆ ಹೋಗದೆ ಸೀರೆ ಮುಗ್ಗುತ್ತದೆ, ಜರಿಯಿದ್ದರೆ ಕಪ್ಪಾಗುತ್ತದೆ. ಅತ್ತರು ಮೊದಲಾದ ಸುಗಂಧಗಳನ್ನು ಜರಿಯ ಹತ್ತಿರ ಸುಳಿಯಗೊಡಬಾರದು. ಕಸೂತಿ ಹಾಕಿದ ಸೀರೆಯಾದರೆ ಇನ್ನೊಂದು ಸೂಕ್ಷ್ಮವಿದೆ. ಗಾವಂತಿ, ಮುರಗಿ ಹೊಲಿಗೆಗಳು ಎರಡೂ ಮಗ್ಗುಲಿಗೆ ಒಂದೇ ತೆರನಾಗಿರುತ್ತವೆ, ಅವುಗಳಿಗೆ ಭಯವಿಲ್ಲ. ನೇಯ್ಗಿ, ಮೆಂತ್ಯೆ ಹೊಲಿಗೆಗಳ ಎಳೆ ಮಾತ್ರ ಬಳೆಗೋ ಉಂಗುರಕ್ಕೋ ಸಿಕ್ಕಿ ಜಗ್ಗುತ್ತದೆ. ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲವಾದುದರಿಂದ ಜಗ್ಗಿದ ಎಳೆ ಸಡಿಲವಾಗಿ ಬಂದುಬಿಡುತ್ತದೆ. ಅಂಥ ಸೀರೆಯನ್ನು ಬಂಗಾರದ ಪೆಟ್ಟಿಗೆಯ ಜೊತೆಗೆ ಇಡಲೇಬಾರದು.

ಬಂಗಾರದ ಮಾತು ಬಂತು, ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಕೊರಳಲ್ಲಿ ತಾಳಿ, ಕಿವಿಯಲ್ಲಿ ದಿನನಿತ್ಯದ್ದು, ಕೈತುಂಬ ಗಾಜಿನ ಬಳೆ. ಬೋರಮಾಳ, ಗುಳದಾಳಿ ಮನೆಯಲ್ಲಿಯೇ ಇರಲಿ. ಚೀಲದಲ್ಲಿ ಬಂಗಾರವಿಲ್ಲದಿದ್ದರೆ ಕಂಬಕ್ಕೊರಗಿದ ಆ ತಾಯಿ ಎದ್ದು ಎಲ್ಲರೊಡನೆ ಒಳಗೆ ಹೋಗಬಹುದು.

ಇನ್ನು ಶ್ರೀಶೈಲದ ನಡಿಗೆಯ ಗಂಟು. ಮೈಮೇಲೆ ಒಂದು, ಚೀಲದಲ್ಲಿ ಒಂದು, ಹೀಗೆ ಎರಡು ಹಳೆಯ ನೂಲಿನ ಸೀರೆ ದಾರಿಗೆ. ಇರುಳು ಒಗೆದುದು ಬೇಸಿಗೆಯ ಗಾಳಿಗೆ ಬೆಳಗಿನೊಳಗೆ ಒಣಗುತ್ತದೆ. ತುಸು ಹಸಿಯಿದ್ದರೆ ಹೆಗಲ ಮೇಲೆ ಹರವಿಕೊಂಡು ನಡೆದರಾಯಿತು. ಕೂಡಲಸಂಗಮದಂಥ ನದಿಯ ಕ್ಷೇತ್ರಗಳಿಗೆ ಹೋಗುವವರು ಸ್ನಾನದ ಹಸಿ ಸೀರೆಗೆಂದು ಬೇರೆ ಕೈಚೀಲ ಇಟ್ಟುಕೊಳ್ಳದಿದ್ದರೆ ಒಳ್ಳೆಯ ಸೀರೆಗೆ ಕಲೆ ತಪ್ಪಿದ್ದಲ್ಲ. ಇಷ್ಟಲಿಂಗ ಪೂಜೆಯ ವಸ್ತ್ರ, ವಿಭೂತಿ ಗಟ್ಟಿ ಇವು ಎಲ್ಲಕ್ಕಿಂತ ಮೇಲೆ, ಕೈಗೆ ಮೊದಲು ಸಿಗುವಂತಿರಬೇಕು. ತಳದಲ್ಲಿ ಧೋತರದಲ್ಲಿ ಸುತ್ತಿದ ಇಳಕಲ್ ಸೀರೆ, ಅದರ ಮಡಿಕೆಯೊಳಗೆ ಖಣದ ಕುಪ್ಪಸ. ಇಷ್ಟನ್ನು ಹೊತ್ತು ವೆಂಕಟಾಪುರ ದಾಟಿ, ನಲ್ಲಮಲೆಯ ಅಡವಿಯಲ್ಲಿ ನಾಗಲೂಟಿ, ಪೆದ್ದಚೆರುವುಗಳನ್ನು ಹಾಯ್ದು ಭೀಮನಕೊಳ್ಳ ಇಳಿದು ಕೈಲಾಸ ದ್ವಾರಕ್ಕೆ ಏರುವಾಗ ಬೆನ್ನಿನ ಒಂದೊಂದು ಪಾವು ಭಾರವೂ ತಿಳಿಯುತ್ತದೆ. ಉಡುಗೆಯ ಹಂಗನ್ನೇ ತೊರೆದು ಅದೇ ಮಲ್ಲಿಕಾರ್ಜುನನ ಕಡೆಗೆ ನಡೆದ ಅಕ್ಕಮಹಾದೇವಿಯವರ ಹಾದಿ ಅಕ್ಕನವರದು. ಸಂಸಾರಿಗಳಿಗೆ ಅದನ್ನು ಹೇಳುವ ಅಧಿಕಾರ ನಮಗಿಲ್ಲ. ಸಂಸಾರಿಗಳು ಒಂದು ಒಳ್ಳೆಯ ಸೀರೆ ಒಯ್ಯಲಿ ಎಂದಷ್ಟೇ ನಾವು ಹೇಳುವುದು.

ಆ ಗಂಟಿನಲ್ಲಿ ಇನ್ನೊಂದು ಸೀರೆಗೆ ಮಾತ್ರ ಸ್ಥಳ ಇರಲೇಬೇಕು. ಕನ್ನಡ ನಾಡಿನ ಭಕ್ತರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಸೀರೆ, ಖಣ, ಅರಿಷಿಣ, ಕುಂಕುಮ, ಬಳೆ ಒಯ್ದು ಆ ತಾಯಿಗೆ ಅರ್ಪಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ತನಗೆ ನಾಲ್ಕು ಸೀರೆ ತುಂಬಿಕೊಂಡು, ಜಾಗ ಸಾಲದೆಂದು ದೇವಿಗೆ ಅಲ್ಲಿಯ ಅಂಗಡಿಯಲ್ಲಿ ತೆಳುವಾದುದೊಂದನ್ನು ಕೊಳ್ಳುವವರೂ ಇದ್ದಾರೆ. ಮಹಾಲಿಂಗಪುರ, ರಬಕವಿ, ಬನಹಟ್ಟಿ, ತೇರದಾಳಗಳಲ್ಲಿ ಮಗ್ಗದ ಸಪ್ಪಳ ಕೇಳುತ್ತಿರುವಾಗ ಮಗಳಿಗೆ ತವರಿನ ನೇಯ್ಗೆಯನ್ನು ಇಲ್ಲಿಂದಲೇ ಒಯ್ಯುವುದು ನಮಗೆ ಹೆಚ್ಚು ಒಪ್ಪಿಗೆ. ಅರ್ಪಿಸಿದ ಬಳಿಕ ಚೀಲದಲ್ಲಿ ತೆರವಾದ ಆ ಜಾಗ ಪ್ರಸಾದಕ್ಕೆ ಸರಿಹೋಗುತ್ತದೆ.

ಮದುವೆಗೆ ಹೋಗುವವರ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ಹಿಂದಿರುಗುವಾಗ ಚೀಲ ತುಂಬುತ್ತದೆ. ಉಡಿ ತುಂಬುತ್ತಾರೆ, ಅಕ್ಕಿ, ಕಾಯಿ, ಖಣ ಬರುತ್ತವೆ. ಆಯೇರಿ ಎಂದು ಸೀರೆಯೂ ಬಂದೀತು. ಬೇಡವೆನ್ನುವಂತಿಲ್ಲ, ಬಿಟ್ಟು ಬರುವಂತಿಲ್ಲ. ಹೊರಡುವಾಗ ಕಾಲುಭಾಗ ಖಾಲಿ ಇದ್ದ ಚೀಲವೇ ಬರುವಾಗ ಸರಿಯಾದ ಚೀಲ. ಬೆಂಗಳೂರು, ದೆಹಲಿ ಎಂದು ಮಕ್ಕಳ ಮನೆಗೆ ವಿಮಾನ ಏರುವ ತಾಯಂದಿರು ಈಗ ನಮ್ಮಲ್ಲಿಯೂ ಇದ್ದಾರೆ. ದೇಶದೊಳಗಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ರೊಟ್ಟಿ, ಶೇಂಗಾ ಚಟ್ನಿ, ನಮ್ಮೂರ ಬೆಲ್ಲಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ. ಉಳಿದ ಅರ್ಧದಲ್ಲಿ ಎಷ್ಟು ಸೀರೆ ಎಂಬುದನ್ನು ಮನೆಯ ತಕ್ಕಡಿಯೇ ಹೇಳಲಿ.

ಮನೆಗೆ ಮರಳಿದ ದಿನವೇ ಗಂಟು ಬಿಚ್ಚತಕ್ಕದ್ದು. ದಣಿದು ಬಂದವರು ನಾಳೆ ಎಂದು ಮೂಲೆಗಿಟ್ಟ ಚೀಲದಲ್ಲಿಯೇ ಸೀರೆ ಕೆಡುವುದು ಹೆಚ್ಚು. ಉಟ್ಟ ಸೀರೆಯನ್ನು ಬಿಸಿಲಿಗೆ ಹಾಕದೆ ನೆರಳಿನ ಹಗ್ಗಕ್ಕೆ ಹರವಿ ಬೆವರಿನ ತೇವ ಆರಗೊಡಬೇಕು. ಒಗೆಯುವುದಾದರೆ ತಣ್ಣೀರಿನಲ್ಲಿ, ಮೊದಲ ಸಲ ಸೆರಗಿನ ಕೆಂಪು ಒಡಲಿಗೆ ಇಳಿಯದಂತೆ ಸೆರಗನ್ನು ಬೇರೆಯಾಗಿ ಹಿಡಿದು ಅದ್ದಬೇಕು. ಒಣಗಿದ ಮೇಲೆ ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಗೆರೆಗೆ ಮಡಿಸಿ, ಅದೇ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರೆ ಶ್ರಾವಣದ ಹೊತ್ತಿಗೆ ಮತ್ತೆ ಹೊರಡಲು ಸಿದ್ಧ.