ಸಿಸಿ ಕ್ಯಾಮೆರಾಕ್ಕೆ ಕಾಮಾಲೆ

ಗೇಟಿನ ಪಕ್ಕದ ಸಿಸಿ ಕ್ಯಾಮೆರಾ ನಿನ್ನೆಯವರೆಗೆ ಸರಿಯಾಗಿಯೇ ಇತ್ತು. ಇವತ್ತು ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದರೆ ಅಂಗಳವೆಲ್ಲ ನಸುನೇರಳೆ. ತೆಂಗಿನ ಗರಿಗಳು ಬಿಳಿಚಿಕೊಂಡಿವೆ, ಒಗೆದು ಹರವಿದ ಕಪ್ಪು ಪ್ಯಾಂಟು ಕಂದುಗೆಂಪಾಗಿದೆ. ಅಳವಡಿಸಿದವರಿಗೆ ಫೋನ್ ಮಾಡಿದರೆ ಬರುವ ಉತ್ತರ ಗೊತ್ತಿದ್ದದ್ದೇ: "ಕ್ಯಾಮೆರಾ ಹೋಗಿದೆ ಸಾರ್, ಹೊಸದು ಹಾಕೋಣ." ಎಷ್ಟೋ ಸಲ ಕ್ಯಾಮೆರಾ ಹೋಗಿರುವುದಿಲ್ಲ. ಅದರೊಳಗೆ ಉಗುರಿನಷ್ಟು ಅಗಲದ ಒಂದು ಗಾಜಿನ ತುಣುಕು ಇರಬೇಕಾದ ಕಡೆ ಇಲ್ಲ, ಅಷ್ಟೇ.

ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ಕ್ಯಾಮೆರಾದ ಸೆನ್ಸರ್ ಸಿಲಿಕಾನಿನದು. ಅದು ಸುಮಾರು 1,100 ನ್ಯಾನೋಮೀಟರ್‌ವರೆಗೂ, ಅಂದರೆ ನಮಗೆ ಕಾಣದ ಅವಕೆಂಪು ಕಿರಣಗಳಿಗೂ ಸ್ಪಂದಿಸುತ್ತದೆ. ಟಿವಿ ರಿಮೋಟಿನ ತುದಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ ನೋಡಿ. ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ ಹೆಚ್ಚಿನ ಫೋನುಗಳ ಪರದೆಯ ಮೇಲೆ ತೆಳುನೇರಳೆ ಮಿಣುಕು ಕಾಣುತ್ತದೆ. ಅಂಗಳ ನೇರಳೆಯಾಗುವುದೂ ಇದೇ ಕಾರಣಕ್ಕೆ.

ರಾತ್ರಿ ಈ ಗುಣ ವರವೇ. ಕ್ಯಾಮೆರಾ ತನ್ನದೇ ಐಆರ್ (ಅವಕೆಂಪು) ದೀಪ ಹೊತ್ತಿಸಿಕೊಂಡು ಕಪ್ಪುಬಿಳುಪಿನಲ್ಲಿ ನೋಡುತ್ತದೆ. ಹಗಲಲ್ಲಿ ಮಾತ್ರ ಬಿಸಿಲಿನ ಅವಕೆಂಪನ್ನು ತಡೆಯಲೇಬೇಕು. ಅದಕ್ಕೆಂದೇ ಲೆನ್ಸಿಗೂ ಸೆನ್ಸರಿಗೂ ನಡುವೆ ಒಂದು ಶೋಧಕ ಗಾಜನ್ನು ಇಟ್ಟಿರುತ್ತಾರೆ. ಪುಟ್ಟ ವಿದ್ಯುತ್ ಕಾಂತ ಅದನ್ನು ಸಂಜೆ ಪಕ್ಕಕ್ಕೆ ಸರಿಸಿ, ಬೆಳಿಗ್ಗೆ ಮರಳಿ ತರುತ್ತದೆ. ಹೊತ್ತು ಮುಳುಗುವಾಗ ಕ್ಯಾಮೆರಾದ ಹತ್ತಿರ ನಿಂತರೆ ಕೇಳುವ 'ಟಿಕ್' ಅದರದೇ ಸದ್ದು. ಬೆಳಿಗ್ಗೆ ಗಾಜು ಮರಳದಿದ್ದರೆ ಕಾಮಾಲೆ ಶುರು. ಗಾದೆಯ ಕಾಮಾಲೆ ಹಳದಿ, ಇದರದು ನೇರಳೆ.

ಆದರೆ ನೇರಳೆಯೇ ಏಕೆ? ಸೆನ್ಸರಿನ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕೆಗಳ ಜಾಲರಿ ಇದೆ. ಕೊಡ್ಯಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ ಹಸಿರು ಚುಕ್ಕೆಗಳು ಎರಡಿದ್ದರೆ ಕೆಂಪು, ನೀಲಿ ಒಂದೊಂದು. ಮೂರೂ ಬಣ್ಣದ ಚುಕ್ಕೆಗಳು ಅವಕೆಂಪನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಬಿಳಿ ಬಿಳಿಯಾಗಿಯೇ ಕಾಣಲೆಂದು ಕ್ಯಾಮೆರಾ ಸಾಮಾನ್ಯವಾಗಿ ಕೆಂಪು, ನೀಲಿ ಸಂಕೇತಗಳನ್ನು ಹಸಿರಿಗಿಂತ ಹೆಚ್ಚು ವರ್ಧಿಸುತ್ತದೆ. ನುಸುಳಿದ ಅವಕೆಂಪೂ ಅವುಗಳ ಜೊತೆ ಹಿಗ್ಗುತ್ತದೆ. ಕೆಂಪು, ನೀಲಿ ಕೂಡಿದರೆ ನೇರಳೆ ತಾನೆ.

ತೆಂಗಿನ ಗರಿ ಬಿಳಿಚುವುದಕ್ಕೆ ಬೇರೆ ಕಾರಣವಿದೆ. ಕ್ಲೋರೋಫಿಲ್ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅವಕೆಂಪಿನ ಗೊಡವೆಗೆ ಹೋಗುವುದಿಲ್ಲ. ಆರೋಗ್ಯವಂತ ಎಲೆ ತನ್ನ ಮೇಲೆ ಬಿದ್ದ ಸಮೀಪದ ಅವಕೆಂಪಿನಲ್ಲಿ ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಎಸೆಯುತ್ತದೆ. 1988ರಲ್ಲಿ ಕಕ್ಷೆ ಸೇರಿದ ಇಸ್ರೋದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲಿ ಅವಕೆಂಪಿಗೆಂದೇ ಒಂದು ಪಟ್ಟಿ ಇದ್ದದ್ದು ಬೆಳೆ, ಕಾಡುಗಳ ಈ ಗುಣವನ್ನು ಹಿಡಿಯಲೆಂದೇ. ಇಸ್ರೋ ಬೇಕೆಂದೇ ನೋಡಿದ್ದನ್ನು ನಿಮ್ಮ ಗೇಟಿನ ಕ್ಯಾಮೆರಾ ಕೆಟ್ಟು ನೋಡುತ್ತಿದೆ.

ರಿಪೇರಿಗೆ ಮೊದಲು ಸೆಟ್ಟಿಂಗ್ಸಿನಲ್ಲಿ 'ಡೇ/ನೈಟ್' ಹುಡುಕಿ, ಕಲರ್‌ನಿಂದ ಬ್ಲ್ಯಾಕ್ ಅಂಡ್ ವೈಟ್‌ಗೆ, ಮತ್ತೆ ಕಲರ್‌ಗೆ ಹಲವು ಸಲ ಬದಲಿಸಿ. ಅಷ್ಟರಲ್ಲೇ ಗಾಜು ಕಳಚಿಕೊಂಡು ಜಾಗಕ್ಕೆ ಬರುವುದುಂಟು. ಟಿಕ್ ಸದ್ದು ಬಂದೂ ಬಣ್ಣ ಬದಲಾಗದಿದ್ದರೆ ಗಾಜು ಧೂಳಿಗೋ ತೇವಕ್ಕೋ ಅಂಟಿಕೊಂಡಿರಬಹುದು. ಸದ್ದೇ ಇಲ್ಲವೆಂದರೆ ವಿದ್ಯುತ್ತಿನ ಮೇಲೆ ಅನುಮಾನ ಪಡಿ. ಮನೆಯೊಳಗಿನ ಎಸ್‌ಎಂಪಿಎಸ್‌ನಿಂದ (ಕ್ಯಾಮೆರಾಕ್ಕೆ ವಿದ್ಯುತ್ ಕೊಡುವ ಡಬ್ಬಿ) ತೆಳುವಾದ ಉದ್ದನೆಯ ವೈರಿನಲ್ಲಿ ಹೊರಟ 12 ವೋಲ್ಟ್ ಗೇಟು ಮುಟ್ಟುವಷ್ಟರಲ್ಲಿ ಇಳಿದಿರುತ್ತದೆ. ಐಆರ್ ದೀಪ ಹೊತ್ತಿದಾಗ ಇನ್ನೂ ಇಳಿಯುತ್ತದೆ. ಹಾಗಾಗಿ ಮಲ್ಟಿಮೀಟರ್ ಹಿಡಿಯಬೇಕಾದದ್ದು ಕ್ಯಾಮೆರಾದ ತುದಿಯಲ್ಲಿ, ಅದೂ ರಾತ್ರಿ. ಹಗಲಲ್ಲಿ ಎಸ್‌ಎಂಪಿಎಸ್ ಬಳಿ ಅಳೆದು 'ವೋಲ್ಟೇಜ್ ಸರಿ ಇದೆ' ಎಂದರೆ ನಂಬಬೇಡಿ. ಕ್ಯಾಮೆರಾವನ್ನು ಬೆರಳಿನಿಂದ ತಟ್ಟಿ ಸರಿಮಾಡುವವರೂ ಇದ್ದಾರೆ. ಸರಿಹೋಗುತ್ತದೆ, ನಾಲ್ಕು ದಿನಕ್ಕೆ.

ತೊಂದರೆ ಹಗಲಿನಲ್ಲಷ್ಟೇ ಇಲ್ಲವಾದರೆ ಯಾವ ಹೊತ್ತಿಗೆ ಬರುತ್ತದೆಂದು ರೆಕಾರ್ಡಿಂಗಿನ ಮೂಲೆಯ ಸಮಯ ನೋಡಿ. ಐಆರ್ ದೀಪ ಹೊತ್ತಿದ್ದರೂ ಇರುಳಿಡೀ ಕತ್ತಲೆಯೇ ಕಂಡರೆ ಅದೇ ಗಾಜು ಹಗಲಿನ ಜಾಗದಲ್ಲಿ ಸಿಕ್ಕಿಕೊಂಡಿದೆ. ರಾತ್ರಿ ಚಿತ್ರದ ತುಂಬ ಬಿಳಿ ಮಬ್ಬು ಕವಿದು ಹಿಂದಿನದೆಲ್ಲ ಕಪ್ಪಾದರೆ ಲೆನ್ಸಿನೆದುರು ಜೇಡರ ಬಲೆ ಇದೆ. ಐಆರ್ ಬೆಳಕು ಹತ್ತಿರದ ಎಳೆಗೆ ಬಡಿದು ಕಣ್ಣು ಕುಕ್ಕುವಂತೆ ಮರಳುತ್ತದೆ, ಕ್ಯಾಮೆರಾ ಇಡೀ ಚಿತ್ರವನ್ನು ತಗ್ಗಿಸುತ್ತದೆ. ಇದಕ್ಕೆ ಪೊರಕೆ ಸಾಕು.

ಪೋರ್ಟಿಕೋ ದೀಪದ ಕೆಳಗೆ ಚಿತ್ರ ಉಸಿರಾಡುವಂತೆ ಮಿನುಗುತ್ತಿದ್ದರೆ, ಅಡ್ಡಪಟ್ಟಿಗಳು ನಿಧಾನಕ್ಕೆ ಹರಿದಾಡಿದರೆ ಸೆಟ್ಟಿಂಗ್ಸಿನಲ್ಲಿ 60 ಹರ್ಟ್ಸ್ ಇದೆಯೇ ನೋಡಿ. ನಮ್ಮ ವಿದ್ಯುತ್ 50 ಹರ್ಟ್ಸ್, ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/120 ಸೆಕೆಂಡಿಗೆ ತೆರೆಯುವ ಶಟರ್‌ಗೆ ಒಂದೊಂದು ಸಲ ಒಂದೊಂದು ಪ್ರಮಾಣದ ಬೆಳಕು ಸಿಗುತ್ತದೆ. ಸೆಟ್ಟಿಂಗನ್ನು 50ಕ್ಕೆ ಇಳಿಸಿದರೆ ಮುಗಿಯಿತು.

ಕ್ಯಾಮೆರಾ ಚಿತ್ರದ ಒಟ್ಟು ಬಣ್ಣ ಬೂದು ಇರಬೇಕೆಂದು ಊಹಿಸಿಕೊಂಡು ಬಿಳಿಯನ್ನು ಹೊಂದಿಸುತ್ತದೆ. ಕರಾವಳಿಯ ಕೆಂಪುಕಲ್ಲಿನ ಕಾಂಪೌಂಡ್ ಮುಕ್ಕಾಲು ಪರದೆ ತುಂಬಿದ್ದರೆ ಈ ಊಹೆ ತಪ್ಪಿ ಉಳಿದದ್ದೆಲ್ಲ ಹಸಿರುನೀಲಿಗೆ ವಾಲುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಹೊರಾಂಗಣಕ್ಕೆ ಇಡಿ. ಆಕಾಶ ಹೆಚ್ಚು ಕಂಡರೆ ಮನುಷ್ಯರ ಮುಖ ಕಪ್ಪಾಗುತ್ತದೆ; ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿಸಬೇಡಿ, ಬಿಸಿಲು ನೇರ ಲೆನ್ಸಿಗೇ ಬೀಳುತ್ತದೆ. ಉತ್ತರಕ್ಕೆ ಮಾಡಿಸಿದರೆ ಪೂರ್ತಿ ಪಾರಾದಂತೆಯೂ ಅಲ್ಲ: ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಹುಟ್ಟುವುದೂ ಈಶಾನ್ಯದ ಕಡೆಗೆ ಸರಿದು.

ಕೊನೆಗೊಂದು ವಿನಂತಿ. ಕಳ್ಳತನವಾಗಿ ಪೊಲೀಸರಿಗೆ ರೆಕಾರ್ಡಿಂಗ್ ಕೊಡುವಾಗ ಕಳ್ಳನ ಅಂಗಿ ಮೆರೂನ್ ಎಂದು ಬರೆಸುವ ಮುನ್ನ ಅದೇ ಚಿತ್ರದಲ್ಲಿ ಗಿಡಮರಗಳ ಎಲೆ ಯಾವ ಬಣ್ಣಕ್ಕಿದೆ ನೋಡಿ. ಎಲೆ ಹಸಿರಿಲ್ಲದಿದ್ದರೆ ಆ ಅಂಗಿ ಕಪ್ಪೂ ಇರಬಹುದು. ಹಲವು ಕಪ್ಪು ಬಟ್ಟೆಗಳ ಬಣ್ಣ ಅವಕೆಂಪನ್ನು ಹೀರುವುದಿಲ್ಲ. ಕ್ಯಾಮೆರಾ ಕೆಟ್ಟಿದೆಯೆಂಬುದನ್ನೂ ದೂರಿನಲ್ಲಿ ಬರೆಸಿ.